ಹಕ್ಕಿಯ ಕಾಲುಂಗುರ

ಕನ್ನಡಕದ ಅಂಗಡಿಯ ಯಜಮಾನರಿಗೆ ಬೀದಿಯವರು ದುರ್ಬೀನು ಸಾಹೇಬರು ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕರೆದಿದ್ದರೆ ಅವರು ಉಬ್ಬಿಹೋಗುತ್ತಿದ್ದರು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುತ್ತಲೇ, ಬಾಗಿಲಾಚೆಯ ತಂತಿಯ ಮೇಲೆ ಕೂತ ಹಕ್ಕಿ ಗಂಡೋ ಹೆಣ್ಣೋ ಹೇಳಿಬಿಡುವಂಥ ಕಣ್ಣು ಅವರದು. ಅಡುಗೆಮನೆಯ ನಲ್ಲಿ ವರ್ಷದಿಂದ ಸೋರುತ್ತಿದ್ದುದು ಮಾತ್ರ ಆ ಕಣ್ಣಿಗೆ ಬಿದ್ದಿರಲಿಲ್ಲ.

ಹಕ್ಕಿ ನೋಡುವವರ ಬಳಗದಲ್ಲಿ ಅವರಿಗೊಬ್ಬ ಎದುರಾಳಿ ಇದ್ದರು, ಹಲ್ಲಿನ ಡಾಕ್ಟರು. ಯಾವ ಹಕ್ಕಿ ಬಂದರೂ ಇವರಿಗಿಂತ ಒಂದು ದಿನ ಮುಂಚೆ ನೋಡಿ ಬರುವುದು, ಆಮೇಲೆ ನಯವಾಗಿ ಚುಚ್ಚುವುದು ಡಾಕ್ಟರ ಪದ್ಧತಿ. ಹಲ್ಲು ಕೀಳುವವರ ಸೂಜಿಯಂತೆ ಅದು ಹೊಕ್ಕಾಗ ತಿಳಿಯದು, ಆಮೇಲೆ ಊದಿಕೊಳ್ಳುವುದು. ಒಂದು ಶನಿವಾರ ಬೆಳಿಗ್ಗೆ ಬಳಗದವರ ಫೋನಿಗೆಲ್ಲ ಡಾಕ್ಟರು ತೆಗೆದ ಚಿತ್ರವೊಂದು ಬಂತು. ಹಿಮದ ನಾಡಿನಿಂದ ಚಳಿಗಾಲಕ್ಕೆ ಇಳಿದು ಬರುವ, ತುದಿಯಲ್ಲಿ ಚಮಚದಂತೆ ಅಗಲವಾದ ಕೊಕ್ಕಿನ, ಅಂಗೈಯೊಳಗೆ ಅಡಗುವಷ್ಟು ಪುಟ್ಟ ಹಕ್ಕಿ. ಕಡಲತೀರದ ಊರೊಂದರ ಉಪ್ಪಿನ ಗದ್ದೆಯಲ್ಲಿ ಕಾಲು ಮುಳುಗುವ ನೀರಿನಲ್ಲಿ ನಿಂತಿತ್ತು. ಕೆಳಗೆ, ‘ನೀವು ಆಗಲೇ ನೋಡಿರ್ತೀರಿ ಬಿಡಿ’ ಎಂದು ಸಾಹೇಬರಿಗೆಂದೇ ಬರೆದ ಒಂದು ಸಾಲು.

ಸಾಹೇಬರ ಹೊಟ್ಟೆಗೆ ಬೆಂಕಿ ಬಿತ್ತು. ಆದರೆ ಹಕ್ಕಿಗೋಸ್ಕರ ಇನ್ನೊಮ್ಮೆ ಅಂಗಡಿ ಮುಚ್ಚಿದರೆ ಮನೆಯಲ್ಲಿ ರಾಮಾಯಣ. ಅಷ್ಟರಲ್ಲಿ ಒಂದು ಪುಣ್ಯದ ಯೋಚನೆ ಹೊಳೆಯಿತು. ಹೆಂಡತಿಯ ಅಣ್ಣ ಇದ್ದದ್ದು ಅದೇ ಊರಿನಲ್ಲಿ. ಮಂಡಿಯ ಆಪರೇಷನ್ ಆಗಿ ಮಲಗಿದ್ದ ಆತನನ್ನು ನೋಡಿಬರೋಣವೆಂದು ಅವಳು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು. ಆಗೆಲ್ಲ ಅಂಗಡಿ ಬಿಟ್ಟು ಬರಲಾಗದು ಎಂದಿದ್ದ ಸಾಹೇಬರು ಈಗ ದನಿಯಲ್ಲಿ ಬೆಣ್ಣೆ ಸವರಿಕೊಂಡು, ಪಾಪ, ಭಾವನನ್ನು ಒಮ್ಮೆ ನೋಡಿಕೊಂಡು ಬರುತ್ತೇನೆ, ಇವತ್ತೇ ಹೊರಡುತ್ತೇನೆ ಎಂದರು.

ಹೆಂಡತಿಯ ಕಣ್ಣು ತುಂಬಿತು. “ಒಬ್ಬರೇ ಯಾಕೆ ಹೋಗ್ತೀರಿ? ನಾನೂ ಬರ್ತೀನಿ” ಎಂದಳು.

ಸಾಹೇಬರು ದುರ್ಬೀನನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದರು. ರಾತ್ರಿ ಬಸ್ಸಿನಲ್ಲಿ ಅವಳು ಗಂಡನ ಹೆಗಲಿಗೆ ಒರಗಿ, ನಿಮಗೂ ಒಂದು ಹೃದಯ ಇದೆ ಎಂದು ಈಗ ಗೊತ್ತಾಯಿತು ಎನ್ನುವ ಅರ್ಥದ ಮಾತಾಡುತ್ತ ನಿದ್ದೆಹೋದಳು. ಇವರು ನಿದ್ದೆಗೆಟ್ಟು ಅವಳನ್ನು ಸಾಗಹಾಕುವ ಉಪಾಯ ಹುಡುಕಿದರು. ಬೆಳಗಿನ ಜಾವ ಬಸ್ಸಿಳಿದದ್ದೇ, ಬರಿಗೈಯಲ್ಲಿ ಹೇಗೆ ಹೋಗುವುದು, ನಾನು ಹಣ್ಣು ಹಿಡಿದುಕೊಂಡು ಬರುತ್ತೇನೆ, ನೀನು ನಡೆ ಎಂದು ಅವಳನ್ನು ಆಟೋ ಹತ್ತಿಸಿದರು. ಆ ಹೊತ್ತಿಗೆ ಯಾವ ಹಣ್ಣಿನಂಗಡಿ ತೆರೆದಿರುತ್ತದೆ ಎಂದು ಅವಳು ಕೇಳಲಿಲ್ಲ.

ಉಪ್ಪಿನ ಗದ್ದೆಯ ಬದುವಿನ ಮೇಲೆ ಆಗಲೇ ಜನ ಸಾಲುಗಟ್ಟಿದ್ದರು. ಫಿರಂಗಿಯಂಥ ಕ್ಯಾಮರಾಗಳು, ಅವುಗಳ ಹಿಂದೆ ಎಲೆಗಳ ಚಿತ್ರ ಬಿದ್ದ ಅಂಗಿ ತೊಟ್ಟ ಗಂಡಸರು. ಒಂದು ಎಲೆಯೂ ಇಲ್ಲದ ಆ ಬಯಲಿನಲ್ಲಿ ಅವರೆಲ್ಲ ಅಡಗಿಕೊಂಡಿದ್ದರು. ಸಾಹೇಬರು ಒಂದು ಕಾಲನ್ನು ಕೆಸರಿನಲ್ಲಿಟ್ಟು ನುಸುಳಿ ದುರ್ಬೀನು ಎತ್ತಿದರೆ ಕಂಡದ್ದು ಮುಂದೆ ನಿಂತವನ ಕಿವಿ. ಸ್ವಲ್ಪ ಸರಿಯಿರಿ ಎಂದರು. ಆತ ಸರಿಯಲಿಲ್ಲ. ಮೊದಲು ಬಂದವನು ನಾನು ಎಂದ. ಹಕ್ಕಿ ನೋಡುವ ಶಿಸ್ತು ಗೊತ್ತೇನ್ರೀ ನಿಮಗೆ, ಮೌನವಾಗಿರಬೇಕು ಎಂದು ಸಾಹೇಬರು ಬದುವೇ ಅದುರುವಂತೆ ಕೂಗಿದರು. ದೂರದ ನೀರಿನಿಂದ ಒಂದು ಸಣ್ಣ ಹಿಂಡು ಪುರ್ರೆಂದು ಎದ್ದು ಮನೆಗಳ ಸಾಲಿನ ಕಡೆ ತೇಲಿಹೋಯಿತು. ಅದರಲ್ಲೇ ಇತ್ತು ಎಂದು ಯಾರೋ ನಿಟ್ಟುಸಿರಿಟ್ಟರು. ಎಲೆಯಂಗಿಯವರೆಲ್ಲ ತಿರುಗಿ ಸಾಹೇಬರನ್ನೇ ನೋಡಿದರು. ಅಷ್ಟು ಜನ ಅವರನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

ಬಿಸಿಲೇರುವತನಕ ಕಾದರೂ ಹಿಂಡು ಮರಳಲಿಲ್ಲ. ಹಣ್ಣಿಲ್ಲದ ಕೈ, ಕೆಸರಿನ ಷರಾಯಿ, ಹುಳ್ಳಗಾದ ಮುಖ ಹೊತ್ತು ವಿಳಾಸ ಕೇಳುತ್ತ ಹೊರಟರೆ, ದಾರಿ ಅದೇ ಬದುವನ್ನು ಸುತ್ತಿ ಅದೇ ಮನೆಗಳ ಸಾಲಿಗೇ ಕರೆತಂದಿತು. ಭಾವ ಆ ಮನೆ ಕೊಂಡು ಎಷ್ಟೋ ಕಾಲವಾಗಿತ್ತು. ಇವರು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಹಿಂದಿನ ಕೋಣೆಯಲ್ಲಿ ಭಾವ ಕಾಲು ಚಾಚಿ ಮಲಗಿದ್ದರು. ಪಕ್ಕದಲ್ಲಿ ಹೆಂಡತಿ ಚಹಾ ಕುಡಿಯುತ್ತಿದ್ದಳು. ಕಿಟಕಿಯ ತುಂಬ ಉಪ್ಪಿನ ಗದ್ದೆ.

“ಬನ್ನಿ ಭಾವ, ಬೆಳಿಗ್ಗೆಯಿಂದ ನಿಮ್ಮನ್ನೇ ನೋಡ್ತಾ ಇದೀವಿ” ಎಂದರು ಭಾವ. ಅದು ಉಪಚಾರದ ಮಾತಲ್ಲ; ಬದುವಿನ ಜಗಳವನ್ನು ಇಬ್ಬರೂ ಮೊದಲಿನಿಂದ ಕೊನೆಯವರೆಗೆ ನೋಡಿದ್ದರು. ಆಮೇಲೆ ಎದ್ದ ಹಿಂಡು ಬಂದಿಳಿದದ್ದು ಈ ಕಿಟಕಿಯ ಕೆಳಗೇ. ಚಮಚದ ಮೂತಿಯ ಪುಟಾಣಿಯೊಂದು ಅಷ್ಟು ಹೊತ್ತು ಕೆಸರು ಗೋರುತ್ತಿತ್ತು, ಈಗಷ್ಟೇ ಹಾರಿಹೋಯಿತು ಎಂದು ಭಾವ ನಗುನಗುತ್ತ ಹೇಳಿದರು. ಹೆಂಡತಿ ನಗಲಿಲ್ಲ. ಹಣ್ಣೆಲ್ಲಿ ಎಂದೂ ಕೇಳಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವಳ ತಲೆ ಕಿಟಕಿಯ ಗಾಜಿಗೆ ಒರಗಿತ್ತು.

ಮರುದಿನ ಸಾಹೇಬರು ಬಳಗಕ್ಕೆ ಬರೆದರು: ‘ನಾವು ನೋಡಿದೆವು.’ ಸುಳ್ಳೇನಲ್ಲ, ಗಂಡಹೆಂಡತಿ ಎಂದರೆ ಎರಡು ದೇಹ ಒಂದು ಜೀವ. ಕಂಡದ್ದು ಯಾವ ದೇಹಕ್ಕೆ ಎಂದು ಯಾರೂ ಕೇಳುವುದಿಲ್ಲ. ಡಾಕ್ಟರು ಅಭಿನಂದಿಸಿ, ಹಕ್ಕಿಗಳ ಲೆಕ್ಕವಿಡುವವರು ಕಾಲಿಗೆ ತೊಡಿಸಿದ ಗುರುತಿನ ಉಂಗುರ ಯಾವ ಬಣ್ಣದ್ದು, ನನಗೆ ಸರಿಯಾಗಿ ಕಾಣಲಿಲ್ಲ ಎಂದು ಕೇಳಿದರು.

ಸಾಹೇಬರು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು. “ಲೇ, ಆ ಹಕ್ಕಿ ಕಾಲಲ್ಲಿ ಉಂಗುರ ಇತ್ತಲ್ಲ, ಯಾವ ಬಣ್ಣ?”

ಅವಳು ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡದೆ, “ಕೆಂಪು. ಎಡಗಾಲಲ್ಲಿ” ಎಂದಳು.

ಸಾಹೇಬರು ಅದನ್ನೇ ಬರೆದರು, ಚೆನ್ನಾಗಿ ಹೊಳೆಯುತ್ತಿತ್ತು ಎಂದು ತಮ್ಮ ಕಡೆಯಿಂದಲೂ ಸೇರಿಸಿದರು. ಡಾಕ್ಟರು ಇನ್ನೊಂದು ಚಿತ್ರ ಕಳಿಸಿದರು. ಅದರಲ್ಲಿ ಹಕ್ಕಿ ನೀರಿನಿಂದ ಆಚೆ ನಿಂತಿತ್ತು. ಎರಡೂ ಕಾಲು ಬೋಳು.