ತೇರ್ಸಿಗೆ ಮೊದಲಿನ ಊಟ

ನಮ್ಮ ಮನೆಯಲ್ಲಿ ತೇರ್ಸ್ ಮುಗಿಯದೆ ರಾತ್ರಿಯ ಊಟ ಇರಲಿಲ್ಲ. ಏಳಕ್ಕೆ ಇಗರ್ಜಿಯ ಗಂಟೆ ಕೇಳಿದ ಮೇಲೆ ಜಪಮಾಲೆ ಹಿಡಿದು ಮಂಡಿಯೂರುವುದು, ಆ ಪ್ರಾರ್ಥನೆ ಮುಗಿದ ಮೇಲೆ ಪೇಜ್, ಅಂದರೆ ಕುಚ್ಚಲಕ್ಕಿ ಗಂಜಿ. ನನ್ನ ಗಂಡ ಎಳವೆಯಿಂದಲೂ ಹಾಗೆಯೇ ಬೆಳೆದವರು. ಕೊನೆಯ ಜಪ ಹೇಳಿ ಏಳುವಾಗಲೇ ಅಡುಗೆಮನೆಯ ಕಡೆ ನೋಡಿ "ಎಂತ ಉಂಟು?" ಎಂದು ಕೇಳುತ್ತಿದ್ದರು. ದಿನಾ ಇರುವುದು ಪೇಜೇ ಎಂದು ಗೊತ್ತಿದ್ದರೂ.

ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ನನ್ನ ಅಕ್ಕನ ಮಗಳು ನೋಡಲು ಬಂದಳು. ಅವಳು ಹೃದ್ರೋಗದ ವಾರ್ಡಿನಲ್ಲಿ ನರ್ಸ್. ಆರೂವರೆಗೆ ಊಟ ಮಾಡಿ, ಮತ್ತೆ ಬೆಳಗಿನವರೆಗೆ ಏನೂ ಬೇಡ ಎಂದಳು. ಡಾಕ್ಟರೂ ಆಗಬಹುದು ಎಂದರು. ಅವಳು ಹೇಳಿದ ಪ್ರಕಾರ, ಆಹಾರ ಬಂತೋ ಇಲ್ಲವೋ ಎಂದು ಒಂದೊಂದು ಜೀವಕೋಶಕ್ಕೂ ತಿಳಿಯುತ್ತದಂತೆ. ಬಂದರೆ ಬೆಳೆಯುವ ಕೆಲಸ, ಬಾರದಿದ್ದರೆ ಒಳಗಿನ ಹಳೆಯ ಕಸ ತೆಗೆಯುವ ಕೆಲಸ. ವಯಸ್ಸಾದಂತೆ ಆ ತಿಳಿವು ಹದ ತಪ್ಪಿ, ಕಸ ಉಳಿದು, ಹೃದಯವೂ ರಕ್ತನಾಳಗಳೂ ಬೇಗ ಮುದಿಯಾಗುತ್ತವಂತೆ.

"ನೆಂಟರು ಕೂತಿರುವಾಗ ನೀವು ಕಸ ಗುಡಿಸ್ತೀರಾ ಮಾವ್ಶಿ? ಹಾಗೆಯೇ ಇದು."

ಮರುದಿನದಿಂದ ಆರೂವರೆಗೆ ಬಡಿಸಿದೆ. ಏಳಕ್ಕೆ ತೇರ್ಸ್. ಅದು ಮುಗಿದದ್ದೇ ಅವರು ಮೇಜಿನ ಮುಂದೆ ಹೋಗಿ ಕೂತು "ಎಂತ ಉಂಟು?" ಎಂದರು. ಊಟ ಆಯಿತಲ್ಲ ಎಂದೆ. ನಕ್ಕರು. ತಿಂಗಳುಗಟ್ಟಲೆ ದಿನವೂ ಹೀಗೆಯೇ ನಡೆಯಿತು. ಒಂದು ದಿನ ನಗಲಿಲ್ಲ.

"ಅರ್ಧ ಸೌಟು ಸಾಕು ಮಾರಾಯ್ತಿ. ಹಸಿವಾಗ್ತದೆ."

ಪಾತ್ರೆ ತೊಳೆದಾಯಿತು ಎಂದೆ. ತೊಳೆದಿರಲಿಲ್ಲ.

ಅದೇ ವಾರ ಉರ್ವ ಮಾರ್ಕೆಟಿಗೆ ಮೀನು ತರಲು ಹೋದವರು ಅಲ್ಲಿಯೇ ಕುಸಿದರು. ಆಸ್ಪತ್ರೆ ತಲುಪುವಾಗ ಜೀವ ಇರಲಿಲ್ಲ.

ಅವರು ಹೋಗಿ ತಿಂಗಳಾದಾಗ ಇಗರ್ಜಿಯಲ್ಲಿ ಇಟ್ಟ ಪೂಜೆ ಮುಗಿದ ದಿನ ಅಕ್ಕನ ಮಗಳಿಗೆ ಆ ಸೌಟಿನ ವಿಷಯ ಹೇಳಿದೆ. ಅರ್ಧ ಸೌಟು ಕೊಟ್ಟಿದ್ದರೆ ಉಳಿಯುತ್ತಿರಲಿಲ್ಲ, ಕೊಡದೆ ಇದ್ದದ್ದಕ್ಕೆ ಹೋದದ್ದೂ ಅಲ್ಲ ಎಂದಳು. ಮತ್ತೆ ಮೆಲ್ಲಗೆ ಕೇಳಿದಳು:

"ತೇರ್ಸನ್ನೇ ಆರಕ್ಕೆ ಮಾಡಬಹುದಿತ್ತಲ್ಲ?"

ಅದು ನನಗೂ ಅವರಿಗೂ ಹೊಳೆದಿರಲಿಲ್ಲ. ಊಟದ ಹೊತ್ತು ಹಿಂದೆ ಮುಂದೆ ಆದೀತು, ಪ್ರಾರ್ಥನೆಯದ್ದು ಹೇಗೆ ಎಂದೇ ಇದ್ದೆವು. ಹಾಗೆ ಮಾಡಿದ್ದರೆ ಅಷ್ಟು ತಿಂಗಳು ಅವರು ಖಾಲಿ ಮೇಜಿನ ಮುಂದೆ ಕೂರಬೇಕಾಗಿರಲಿಲ್ಲ.

ಈಗ ಆರಕ್ಕೆ ಒಬ್ಬಳೇ ಮಂಡಿಯೂರುತ್ತೇನೆ. ಕೊನೆಯ ಜಪ ಹೇಳಿ ಏಳುವಾಗ ಒಲೆಯ ಮೇಲೆ ಪೇಜ್ ಬಿಸಿಯಾಗಿಯೇ ಇರುತ್ತದೆ. ಪೇಜ್ ಉಂಟು ಎಂದು ಹೇಳಬೇಕೆನಿಸುತ್ತದೆ. ಅವರೊಮ್ಮೆ "ಎಂತ ಉಂಟು?" ಎಂದು ಕೇಳಬೇಕು.