ಮೆತ್ತಗಾದ ನರ

ಮಾನ್ವಿಯ ತಹಶೀಲ್ದಾರ್ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಬಂದವರ ಅರ್ಜಿ ತುಂಬಿಕೊಡುವವಳು ನನ್ನ ತಂಗಿ ಮೌನೇಶ್ವರಿ. ಪೊಲೀಸ್ ಕೆಲಸದ ಅರ್ಜಿಯನ್ನೂ ತುಂಬಿಕೊಡುತ್ತಾಳೆ. ಎದ್ದು ನಡೆದಾಗ ಎಡಗಾಲು ಸ್ವಲ್ಪ ಎಳೆಯುತ್ತದೆ. "ಹುಟ್ಟಿದಾಗಿಂದ ಹಿಂಗೇ ಏನು?" ಎಂದು ಕೇಳುವವರಿದ್ದಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ನಡೆಯುವುದು ಕಲಿತ ದಿನದಿಂದ ಓಡಿದವಳು ಅವಳು.

ಅವ್ವ ಗೋಪಮ್ಮ ಭತ್ತ ನಾಟಿ ಮಾಡಲು ಹೋದರೆ, ಬುತ್ತಿ ಹಿಡಿದು ಕಾಲುವೆ ದಂಡೆಯ ಮೇಲೆ ಬರಿಗಾಲಲ್ಲಿ ಓಡಿ ಮುಟ್ಟಿಸುತ್ತಿದ್ದಳು. ಕಾಲೇಜು ಸೇರಿದ ಮೇಲೆ ದೈಹಿಕ ಶಿಕ್ಷಣದ ಅನಿಲಕುಮಾರ ಸರ್ ಕಣ್ಣಿಗೆ ಬಿದ್ದಳು. ಸರ್ ನಮ್ಮ ಓಣಿಯಲ್ಲೇ ಬೆಳೆದು, ಓದಿ, ನೌಕರಿ ಹಿಡಿದವರು. ಮನೆಗೆ ಬಂದು, "ಯವ್ವಾ, ಈಕೀನ ಪೊಲೀಸ್ ಮಾಡೇ ಬಿಡ್ತೀನಿ" ಅಂದರು. ಹೊರಗಿನವರಾಗಿದ್ದರೆ ಎರಡು ಸಲ ಯೋಚಿಸುತ್ತಿದ್ದೆವು. ಇವರು ನಮ್ಮವರು. ಕಣ್ಣುಮುಚ್ಚಿ ನಂಬಿದೆವು.

ಪೊಲೀಸ್ ನೇಮಕಾತಿಯ ಓಟಕ್ಕೆ ಎರಡು ತಿಂಗಳಿದ್ದಾಗ ಅವಳ ಎಡ ಹಿಮ್ಮಡದ ಮೇಲೆ, ಮೀನಖಂಡದಿಂದ ಇಳಿಯುವ ದಪ್ಪ ಹುರಿಯಲ್ಲಿ ನೋವು ಶುರುವಾಯಿತು. ನಮ್ಮ ಕಡೆ ಅದಕ್ಕೂ ನರ ಅಂತಲೇ ಅನ್ನುತ್ತೇವೆ. ನರ ಗಟ್ಟಿಯಾದರೆ ನೋವು, ಮೆತ್ತಗಾದರೆ ಗುಣ. ನರ ತಿಕ್ಕುವುದರಲ್ಲಿ ಅವ್ವನ ಕೈ ಇಡೀ ಓಣಿಗೆ ಹೆಸರುವಾಸಿ. ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಮೂರು ವಾರ ಬೆಳಿಗ್ಗೆ ಸಂಜೆ ತಿಕ್ಕಿದಳು. "ಮೆತ್ತಗಾಗಲಿ ನಿಂದ್ರು, ಜಿಂಕಿ ಆಗ್ತಿ" ಅನ್ನುತ್ತಿದ್ದಳು.

ನೋವು ಹೋಗಲಿಲ್ಲ. ಸರ್ ತಾವೇ ರಾಯಚೂರಿನ ಸ್ಕ್ಯಾನಿಂಗ್ ಸೆಂಟರಿಗೆ ಕರೆದೊಯ್ದರು. ನಾನೂ ಹೋಗಿದ್ದೆ. ಬಾಗಿಲಲ್ಲಿ ಕೂತಿದ್ದ ಬಸುರಿ ಹೆಂಗಸರೆಲ್ಲ ಮದುವೆಯಾಗದ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಮೌನೇಶ್ವರಿ ಪೈಜಾಮ ಮೇಲೆತ್ತಿ ಹಿಮ್ಮಡ ತೋರಿಸಿ, "ಕೂಸು ಇಲ್ಲಿ ಅದ್ರೀ" ಅಂದಳು. ಎಲ್ಲರೂ ನಕ್ಕರು.

ಒಳಗೆ ಡಾಕ್ಟರ್ ಖಲೀಲ್ ಸಾಹೇಬರು ಅಂಟಂಟಾದ ಜೆಲ್ ಹಚ್ಚಿ ಹಿಮ್ಮಡದ ಮೇಲೆ ಯಂತ್ರದ ಹಿಡಿ ಆಡಿಸಿದರು. ನರ ಗಟ್ಟಿ ಇದ್ದಲ್ಲಿ ಪರದೆ ನೀಲಿ, ಮೆತ್ತಗಿದ್ದಲ್ಲಿ ಕೆಂಪು. ನಟ್ಟನಡುವೆ ಒಂದು ಕಡೆ ಕೆಂಪಗೆ ಹರಡಿತ್ತು. "ನರ ಮೆತ್ತಗಾಗ್ಯದಮ್ಮ. ಉಳಿದದ್ದು ನಿಮ್ಮ ಸರ್‌ಗೆ ಹೇಳ್ತೀನಿ" ಅಂದರು. ಕಾಲು ಅವಳದು, ವಿವರ ಸರ್‌ಗೆ! ನಮ್ಮನ್ನು ಹೊರಗೆ ಕಳಿಸಿ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು.

ಸರ್ ಹೊರಗೆ ಬರುವಷ್ಟರಲ್ಲಿ ಮೌನೇಶ್ವರಿ ಅವ್ವನಿಗೆ ಫೋನ್ ಹಚ್ಚಿದ್ದಳು. "ಯವ್ವಾ, ಮೆತ್ತಗಾಗ್ಯದಂತ! ನಿನ್ನ ಕೈಗುಣ!" ಆಚೆಯಿಂದ ಅವ್ವ ಅಳುವುದು ನನಗೂ ಕೇಳಿಸಿತು. ಸರ್ ರಿಪೋರ್ಟನ್ನು ಬ್ಯಾಗಿಗೆ ಹಾಕಿಕೊಂಡರು. ಆಮೇಲೆ, "ಹನ್ನೆರಡು ದಿನಕ್ಕ ಕಾಲೇಜುಗಳ ವಿಭಾಗ ಮಟ್ಟದ ಓಟ ಅದ. ಅದೊಂದು ಓಡಿಬಿಡು" ಅಂದರು. ಬಸ್ ಸ್ಟ್ಯಾಂಡಿನಲ್ಲಿ ಪೇಡೆ ಕೊಡಿಸಿದರು. ಮೂರೂ ಜನ ತಿಂದೆವು.

ಓಟದ ದಿನ ಮುನ್ನೂರು ಮೀಟರಿನ ತನಕ ಅವಳೇ ಮುಂದೆ. ಅಲ್ಲಿ ಒಮ್ಮೆಲೇ ನಿಂತು ಹಿಂದೆ ತಿರುಗಿ ನೋಡಿದಳು. ಹಿಮ್ಮಡಕ್ಕೆ ಯಾರೋ ಜೋರಾಗಿ ಒದ್ದಂತಾಯಿತಂತೆ. ಹಿಂದಿದ್ದವರು ಇನ್ನೂ ಹತ್ತು ಮಾರು ದೂರದಲ್ಲಿದ್ದರು. ಅವಳು ಕುಸಿದುಬಿದ್ದಳು.

ಮತ್ತೆ ಅದೇ ಸ್ಕ್ಯಾನಿಂಗ್. ನರ ಹರಿದಿತ್ತು. ಈ ಸಲ ಸರ್ ಬರಲಿಲ್ಲ. ಡಾಕ್ಟರಿಗೆ ಸಿಟ್ಟು ಬಂತು. "ಮೆತ್ತಗಾಗ್ಯದಂದ್ರ ಕಸುವು ಹೋಗ್ಯದಂತ ಅರ್ಥ. ಈ ನರ ಹಗ್ಗ ಇದ್ದಂಗ ಬಿಗಿ ಇರಬೇಕು. ಮೂರು ತಿಂಗಳು ಓಡಿಸಬ್ಯಾಡ್ರಿ, ಹರೀತದ ಅಂತ ನಿಮ್ಮ ಸರ್‌ಗೆ ಅವತ್ತೇ ಹೇಳಿದ್ದೆ. ರಿಪೋರ್ಟಿನಾಗೂ ಬರದೀನಿ."

ನೇಮಕಾತಿಯ ಓಟದ ದಿನ ಅವಳ ಕಾಲು ಪ್ಲಾಸ್ಟರಿನಲ್ಲಿತ್ತು. ಅವ್ವ ಆಮೇಲೆ ಯಾರ ನರವನ್ನೂ ತಿಕ್ಕಲಿಲ್ಲ. ಎಣ್ಣೆಯ ಬಟ್ಟಲನ್ನು ಕೊಟ್ಟಿಗೆಗೆ ಎಸೆದಳು. "ನಾನೇ ಹರದೆ" ಎಂದು ಇವತ್ತಿಗೂ ಅನ್ನುತ್ತಾಳೆ. ಅಲ್ಲವ್ವಾ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಇದೊಂದಕ್ಕೆ ನಾನು ಆ ಮನುಷ್ಯನನ್ನು ಕ್ಷಮಿಸಲಾರೆ.

ತಿಂಗಳು ಬಿಟ್ಟು ಸರ್ ಸೇಬುಹಣ್ಣು ಹಿಡಿದು ಬಂದರು. ಅಷ್ಟರಲ್ಲಿ ದೇವದುರ್ಗದಲ್ಲಿ ಅವರ ತರಬೇತಿ ಕೇಂದ್ರ ಶುರುವಾಗಿತ್ತು. ಬ್ಯಾನರಿನ ಮೇಲೆ ವಿಭಾಗದ ಓಟದಲ್ಲಿ ಮೌನೇಶ್ವರಿ ಎಲ್ಲರಿಗಿಂತ ಮುಂದೆ ಓಡುತ್ತಿರುವ ಚಿತ್ರ. ಅದಕ್ಕೆ ಆ ಒಂದು ಓಟ ಬೇಕಾಗಿತ್ತು. ತಲೆ ತಗ್ಗಿಸಿ ಕೂತರು.

"ಹೇಳಬೇಕಂತಲೇ ಹೊರಗ ಬಂದಿದ್ದೆ, ಮೌನಾ. ನೀನು ಅಷ್ಟು ನಗಾಕತ್ತಿದ್ದಿ. ಆ ನಗು ನೋಡಿ ಬಾಯೇ ಬರಲಿಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ಕೈ ಅಡ್ಡ ಹಿಡಿದಳು. ಸಿಟ್ಟಿಲ್ಲದೆ, ಬಹಳ ಮೆಲ್ಲಗೆ ಕೇಳಿದಳು.

"ನಾನು ತಪ್ಪು ತಿಳಕೊಂಡು ನಗಾಕತ್ತೀನಿ ಅಂತ ನಿಮಗೊಬ್ಬರಿಗೇ ಗೊತ್ತಿತ್ತಲ್ರೀ ಸರ್?"