ರುದ್ರೇಶನ ಸ್ಟಾರ್ ಗುರುತು

ಪಕ್ಕದ ಮನೆಯವರು ಇವತ್ತು ಗುಲಾಬಿ ಗಿಡಕ್ಕೆ ಔಷಧಿ ಹೊಡೆದರು. ಆ ವಾಸನೆಗೆ ನನ್ನ ಕೈ ತಾನಾಗಿಯೇ ಕಿಟಕಿ ಮುಚ್ಚಿತು, ಕಣ್ಣು ಗಡಿಯಾರದತ್ತ ಹೋಯಿತು. ಅಂದು ಕೆಟ್ಟದ್ದು ಶುರುವಾದದ್ದು ಬೆಳಗ್ಗೆ ಹನ್ನೊಂದು ಹತ್ತಕ್ಕೆ.

ಎಂಬತ್ತರ ದಶಕದ ಕೊನೆ. ಕಡೂರಿನ ಗೊಬ್ಬರದಂಗಡಿಯ ಸಾಹುಕಾರರು ಹಠಕ್ಕೆ ಬಿದ್ದು ಕಂಪ್ಯೂಟರ್ ತರಿಸಿದ್ದರು. ಅದನ್ನು ನೋಡಿಕೊಳ್ಳಲು ನಾನು ಮತ್ತು ರುದ್ರೇಶ, ಇಬ್ಬರೂ ಬಿ.ಎಸ್ಸಿ. ನನ್ನದು ಫಸ್ಟ್ ಕ್ಲಾಸು. ಯಾರೂ ಕೇಳುತ್ತಿರಲಿಲ್ಲ, ನಾನೇ ಹೇಳಬೇಕಾಗಿತ್ತು.

ರೈತರಿಗೆ ಔಷಧಿಯ ಚೀಟಿ ಅಚ್ಚು ಮಾಡಿಕೊಡುವುದು ನಮ್ಮ ಕೆಲಸ. ಆ ಯಂತ್ರದ ಭಾಷೆಯಲ್ಲಿ ವಾಕ್ಯದ ನಡುವೆ ಒಂದು ಹೆಸರು ಕೂರಿಸಬೇಕೆಂದರೆ ವಾಕ್ಯವನ್ನು ತುಂಡರಿಸಿ, ಪ್ಲಸ್ ಹಾಕಿ ಮತ್ತೆ ಜೋಡಿಸಬೇಕು. ನಾನು ಶ್ರದ್ಧೆಯಿಂದ ಜೋಡಿಸುತ್ತಿದ್ದೆ. ರುದ್ರೇಶ ಒಂದು ಮಧ್ಯಾಹ್ನ ತನ್ನದೇ ಪದ್ಧತಿ ಕಟ್ಟಿಬಿಟ್ಟ. ಚೀಟಿಯನ್ನು ಇಡಿಯಾಗಿ ಬರೆದು, ತುಂಬಬೇಕಾದ ಕಡೆ ಒಂದೊಂದು ಸ್ಟಾರ್ ಗುರುತು ಇಟ್ಟರಾಯಿತು. ಮೊದಲನೆಯದಕ್ಕೆ ರೈತನ ಹೆಸರು, ಎರಡನೆಯದಕ್ಕೆ ಸಿಂಪಡಿಸುವ ಟ್ಯಾಂಕಿಗೆ ಎಷ್ಟು ಎಂ.ಎಲ್. ಔಷಧಿ, ಮೂರನೆಯದಕ್ಕೆ ಎಷ್ಟು ಟ್ಯಾಂಕು, ಸಾಲಾಗಿ ಬಂದು ಕೂರುತ್ತಿದ್ದವು. ಸಾಹುಕಾರರು ತರೀಕೆರೆಯ ನೆಂಟರನ್ನೆಲ್ಲ ಕರೆದು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಒಸಿ ಕಲ್ತ್ಕೊಳ್ಳಪ್ಪಾ" ಎಂದರು. ಆ ದಿನ ನನಗೆ ಊಟ ಸೇರಲಿಲ್ಲ.

ಶ್ರೀಕಾರವಿಲ್ಲದ ಕಾಗದ ಅಂಗಡಿಯಿಂದ ಹೊರಗೆ ಹೋಗಕೂಡದೆಂಬುದು ಸಾಹುಕಾರರ ನಿಯಮ. ಯಂತ್ರಕ್ಕೆ ಕನ್ನಡ ಬಾರದು, ಚೀಟಿಯೆಲ್ಲ ಇಂಗ್ಲಿಷ್ ಅಕ್ಷರದಲ್ಲೇ. ನಾವಿಲ್ಲದ ಒಂದು ಸಂಜೆ, ನಮ್ಮನ್ನು ನೋಡಿ ಕಲಿತಷ್ಟರಲ್ಲಿ, ಶ್ರೀಕಾರದ ಬದಲಿಗೆಂದು ಅವರೇ ಯಂತ್ರದೊಳಗಿನ ಚೀಟಿಯ ನೆತ್ತಿಗೊಂದು ಸ್ಟಾರ್ ಒತ್ತಿದರು.

ಆಮೇಲಿನ ಮೊದಲ ಚೀಟಿ ಅಜ್ಜಂಪುರದ ಈರಣ್ಣನದು. ಅವನ ಹೆಸರು ನೆತ್ತಿಗೇರಿತು. ಹೆಸರಿನ ಜಾಗಕ್ಕೆ ಎಂ.ಎಲ್.ನ ಐದು ಬಂತು, ನೋಡಿದವರು ಚೀಟಿ ನಂಬರಿರಬೇಕೆಂದುಕೊಂಡರು. ಎಂ.ಎಲ್. ಜಾಗಕ್ಕೆ ಟ್ಯಾಂಕಿನ ನಲವತ್ತು ಬಂತು. ಕೊನೆಯದು ಖಾಲಿ. ಈರಣ್ಣ ಒಂದೊಂದು ಟ್ಯಾಂಕಿಗೂ ನಲವತ್ತು ಎಂ.ಎಲ್. ಬೆರೆಸಿ ಈರುಳ್ಳಿಗೆ ಹೊಡೆಯುತ್ತಾ ಹೋದ. ಹನ್ನೊಂದು ಹತ್ತಕ್ಕೆ ಅಂಗಡಿಗೆ ಫೋನ್ ಬಂತು: ಬಾಯಲ್ಲಿ ನೊರೆ ಬಂದು ಬದುವಿನ ಮೇಲೆ ಬಿದ್ದಿದ್ದಾನೆ, ತರೀಕೆರೆ ಆಸ್ಪತ್ರೆಗೆ ಸಾಗಿಸುತ್ತಿದ್ದಾರೆ.

ಚೀಟಿಯ ನಕಲು ನೋಡಿದ ರುದ್ರೇಶ ನೆತ್ತಿಗೇರಿದ ಹೆಸರಿನ ಮೇಲೆ ಬೆರಳಿಟ್ಟ. ವೈದ್ಯರಿಗೆ ತೋರಿಸಲು ಅದೇ ಔಷಧಿಯ ಬಾಟಲಿ ಹಿಡಿದು ಜೀಪು ಹತ್ತಿದ, ಹಿಂದೆ ನಾನು. ಈರಣ್ಣನ ಕೈಕಾಲು ಸೆಟೆಯುವುದನ್ನು ನೋಡಿದೆ. ಇಂದಿಗೂ ಕಣ್ಣು ಮುಚ್ಚಿದರೆ ಕಾಣುತ್ತದೆ. ರುದ್ರೇಶ ಈರಣ್ಣನ ತಾಯಿಯ ಮುಂದೆ ಹೋಗಿ ನಿಂತ.

"ಗುರುತು ನಂದೇ ಕಣವ್ವಾ. ಯಾರೂ ಒತ್ತದಿರೋ ಅಂಥದ್ದು ಇಡ್ಬೇಕಿತ್ತು."

ಸಾಹುಕಾರರ ಹೆಸರೆತ್ತಲಿಲ್ಲ. ಆಕೆ ಬಯ್ಯುತ್ತಾರೆಂದು ಕಾದೆ. ಆಸೆಯಿಂದಲೇ ಕಾದೆ ಎಂದರೆ ನಂಬುತ್ತೀರಾ?

"ಕೂತ್ಕೋ ಮಗಾ, ಆಗಿಂದ ನಿಂತೇ ಇದ್ದೀಯ" ಎಂದರು.

ನನಗೆ ಯಾರೂ ಕೂರು ಅನ್ನಲಿಲ್ಲ.

ಆ ದಿನಗಳಲ್ಲಿ ರುದ್ರೇಶ ಹಗಲು ಅಂಗಡಿಯಲ್ಲಿ ಕೂತು ಸ್ಟಾರ್ ತೆಗೆದುಹಾಕಿದ. ಎರಡೆರಡು ಬಾಣದ ಗುರುತುಗಳ ನಡುವೆ ಆಯಾ ಜಾಗದ ಹೆಸರನ್ನೇ ಬರೆದ; ಒಂದು ಜಾಗ ಖಾಲಿ ಉಳಿದರೂ ಚೀಟಿ ಅಚ್ಚಾಗದಂತೆ ಮಾಡಿದ. ಅದೂ ಚೆನ್ನಾಗಿಯೇ ಇತ್ತು. ರಾತ್ರಿ ಆಸ್ಪತ್ರೆಗೆ ಹೋಗುತ್ತಿದ್ದ.

ಸೋಮವಾರ ಬೆಳಗ್ಗೆ ನಾನು ಹೋದಾಗ ಮಂಚದ ಮೇಲೆ ಈರಣ್ಣ, ಕೆಳಗೆ ಅವನ ತಾಯಿ, ಅತ್ತ ಗೋಡೆಗೊರಗಿ ರುದ್ರೇಶ, ಮೂವರೂ ನಿದ್ದೆಯಲ್ಲಿದ್ದರು. ಈರಣ್ಣನಿಗೆ ಅಪಾಯ ಕಳೆಯಿತು, ರಾತ್ರಿ ಒಬ್ಬರೂ ಎದ್ದಿಲ್ಲವೆಂದು ನರ್ಸ್ ಹೇಳಿದರು. ತಾಯಿ ಬರೀ ನೆಲದ ಮೇಲೆ ಮಲಗಿದ್ದರು. ಆಕೆಯ ಕಂಬಳಿ ರುದ್ರೇಶನ ಮೇಲಿತ್ತು.

ಆ ಕಂಬಳಿ ನನಗೆ ಬೇಕೆನಿಸಿತು.